ನೌಕರಿ ಹೋದ ಮೇಲೆ ಕೇಸೂ ಕೈತಪ್ಪದಿರಲಿ

ಕೆಲಸದಿಂದ ವಜಾ ಮಾಡಿದ್ದನ್ನು ಪ್ರಶ್ನಿಸಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದವರೆಲ್ಲ ಕಂಪನಿಯ ವಾದಕ್ಕೆ ಸೋಲುವುದಿಲ್ಲ. ಎಷ್ಟೋ ಕಡತಗಳ ಕೊನೆಯ ಹಾಳೆಯಲ್ಲಿ ಇರುವುದು ಇಷ್ಟೇ: ‘ಕೂಗಿಸಲಾಯಿತು. ಅರ್ಜಿದಾರರು ಗೈರು. ವಕೀಲರೂ ಗೈರು. ಸಾಕ್ಷ್ಯವಿಲ್ಲ. ಅರ್ಜಿ ವಜಾ.’ ಕೆಲಸದಿಂದ ತೆಗೆದದ್ದು ಸರಿಯೋ ತಪ್ಪೋ ಎಂದು ಯಾರೂ ನೋಡಿಯೇ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಸಾಕ್ಷ್ಯದ ಹಂತದಲ್ಲಿ. ಇಲಾಖಾ ವಿಚಾರಣೆ ನಡೆಸಿ ವಜಾ ಮಾಡಿದ್ದರೆ, ಆ ವಿಚಾರಣೆ ನ್ಯಾಯಸಮ್ಮತವಾಗಿತ್ತೇ ಎಂಬ ಪ್ರಾಥಮಿಕ ವಿವಾದಾಂಶವನ್ನು ನ್ಯಾಯಾಲಯ ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುತ್ತದೆ. ಆಗ ಕಟಕಟೆ ಹತ್ತುವವರು ವಿಚಾರಣಾಧಿಕಾರಿ, ಅಂದರೆ ಆಡಳಿತದ ಸಾಕ್ಷಿ. ‘ಈಗ ನನ್ನದೇನೂ ಇಲ್ಲ, ಲಾಯರ್ ನೋಡ್ಕೋತಾರೆ’ ಎಂದು ಕಾರ್ಮಿಕ ಬರುವುದನ್ನೇ ಬಿಡುತ್ತಾನೆ. ವಿಚಾರಣೆ ಸರಿಯಿತ್ತು ಎಂದು ಆದೇಶವಾದ ಮರುಕ್ಷಣ ಸರದಿ ಅವನದು. ವಿಚಾರಣಾ ವರದಿ ಸಾಕ್ಷ್ಯಕ್ಕೆ ವಿರುದ್ಧವಾಗಿದೆ, ತಪ್ಪಿಗೆ ಮೀರಿದ ಶಿಕ್ಷೆ ಕೊಟ್ಟಿದ್ದಾರೆ, ವಜಾ ಆದಾಗಿನಿಂದ ಬೇರೆ ಸಂಪಾದನೆ ಇಲ್ಲ ಎಂಬುದನ್ನೆಲ್ಲ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೇಳಬೇಕು. ಶಿಕ್ಷೆ ತಗ್ಗಿಸಲು ನ್ಯಾಯಾಲಯಕ್ಕೆ ಕಾನೂನು ಕೊಟ್ಟ ಅಧಿಕಾರವನ್ನು (ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 11ಎ ಕಲಂ) ಬಳಸೆಂದು ಕೇಳಲಾದರೂ ಆತ ಇರಬೇಕಲ್ಲ! ಪ್ರಮಾಣಪತ್ರ ಹಾಕಿ ಪಾಟೀಸವಾಲಿಗೆ ಬಾರದಿದ್ದರೂ ಅಷ್ಟೇ, ಆ ಸಾಕ್ಷ್ಯ ನಿಲ್ಲುವುದಿಲ್ಲ.

ವಿಚಾರಣೆಯೇ ಇಲ್ಲದೆ ‘ನಾಳೆಯಿಂದ ಬರಬೇಡ’ ಎಂದಿದ್ದರೆ ಇನ್ನೂ ಕಷ್ಟ. ಕಾನೂನಿನ ರಕ್ಷಣೆ ಸಿಗಲು, ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದದ್ದನ್ನು ತೋರಿಸುವ ಹೊಣೆ ಮೊದಲಿಗೆ ಕಾರ್ಮಿಕನದೇ. ಸಂಬಳ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ಒಟ್ಟು ಮಾಡಿಕೊಂಡು, ಹಾಜರಿ ಪುಸ್ತಕ ತರಿಸಲು ಪ್ರತ್ಯೇಕ ಅರ್ಜಿ ಹಾಕಿಸಿ.

ಎರಡನೆಯ ಗುಂಡಿ ವಿಳಾಸ. ಸಂಬಳ ನಿಂತಾಗ ಬಾಡಿಗೆ ಮನೆ ಬಿಟ್ಟು ಊರಿಗೆ ಹೋಗುವುದು ಸಹಜ. ಫೀಸು ಬಾರದ ವಕೀಲರು ಈ ಕೇಸಿನಿಂದ ಹಿಂದೆ ಸರಿಯುತ್ತೇವೆಂದು ನಿವೃತ್ತಿ ಮೆಮೊ ಹಾಕುತ್ತಾರೆ. ನ್ಯಾಯಾಲಯದ ನೋಟಿಸ್ ಅರ್ಜಿಯಲ್ಲಿನ ಹಳೆಯ ವಿಳಾಸಕ್ಕೆ ಹೋಗಿ, ‘ಮನೆ ಖಾಲಿ ಮಾಡಿದ್ದಾರೆ’ ಎಂಬ ಅಂಚೆಯಣ್ಣನ ಷರಾದೊಂದಿಗೆ ವಾಪಸಾಗುತ್ತದೆ. ಮನೆ ಬದಲಿಸಿದ ವಾರದಲ್ಲೇ ಹೊಸ ವಿಳಾಸ, ಮೊಬೈಲ್ ನಂಬರ್ ಬರೆದ ಮೆಮೊ ಸಲ್ಲಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಕೇಸಿಗೆ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿನ ಪ್ರತ್ಯೇಕ ಗುರುತು) ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕ ನೀವೇ ನೋಡಬಹುದು. ವಕೀಲರ ಗುಮಾಸ್ತರ ಫೋನಿಗೆ ಕಾಯುತ್ತ ಕೂರಬೇಡಿ.

ಇನ್ನು ಕಂಪನಿಯ ಎಚ್‌ಆರ್ ಕಡೆಯವರು ‘ಮಾತಾಡಿ ಮುಗಿಸೋಣ, ಈ ಸಲ ಕೋರ್ಟಿಗೆ ಬರಬೇಡ’ ಎಂದರೆ ನಂಬಲೇಬೇಡಿ. ರಾಜಿ ಬರಹದಲ್ಲಿರಬೇಕು, ನ್ಯಾಯಾಲಯದಲ್ಲಿ ಸಲ್ಲಿಕೆಯಾಗಿರಬೇಕು. ಅಲ್ಲಿಯವರೆಗೆ ಹಾಜರಾಗುತ್ತಿರಿ.

ಗೈರಿನಿಂದ ಅರ್ಜಿ ವಜಾ ಆಗಿಬಿಟ್ಟಿದೆಯೇ? ಅಂದೇ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಕೇಸನ್ನು ಮತ್ತೆ ಕಡತಕ್ಕೆ ತರಲು ಅದೇ ನ್ಯಾಯಾಲಯದಲ್ಲಿ ಪ್ರಮಾಣಪತ್ರ ಸಮೇತ ಅರ್ಜಿ ಹಾಕಿ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯೂ ಬೇಕು. ‘ಹುಷಾರಿರಲಿಲ್ಲ’ ಎಂದಷ್ಟೇ ಬರೆದರೆ ಎದುರಿನ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಗೈರಾದ ದಿನಾಂಕಕ್ಕೆ ಸರಿಹೊಂದುವ ಆಸ್ಪತ್ರೆ ಚೀಟಿ ಲಗತ್ತಿಸಿ. ತೀರ್ಪು ಪ್ರಕಟವಾಗಿ 30 ದಿನ ಕಳೆದರೆ ಎಲ್ಲ ಮುಗಿಯಿತು ಎನ್ನುವವರಿದ್ದಾರೆ. ಒಂದು ಕಡೆಯವರ ಗೈರಿನಲ್ಲಿ ಕೊಟ್ಟ ಏಕಪಕ್ಷೀಯ ತೀರ್ಪನ್ನು ಸಕಾರಣವಿದ್ದರೆ ಆಮೇಲೂ ಹಿಂಪಡೆಯಬಹುದೆಂದು ಹರಿಯಾಣ ಸೂರಜ್ ಮಾಲ್ಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕಾರ್ಮಿಕ ನ್ಯಾಯಾಲಯ ಒಪ್ಪದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಕೇಸು ಮರಳಿ ಬಂದು ಗೆದ್ದರೂ, ನಿಮ್ಮಿಂದಾಗಿ ತಡವಾದ ಅವಧಿಯ ಹಿಂಬಾಕಿ ವೇತನಕ್ಕೆ ಕತ್ತರಿ ಬೀಳಬಹುದು.

ಹೊಸದಾಗಿ ಅರ್ಜಿ ಹಾಕಿದರಾಯಿತು ಎಂಬ ಧೈರ್ಯವೂ ಬೇಡ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 2ಎ ಕಲಮಿನಲ್ಲಿ ವಜಾ ದಿನದಿಂದ 3 ವರ್ಷ ಕಾಲಾವಕಾಶವಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 2 ವರ್ಷಕ್ಕೆ ಇಳಿಸಿದೆ.