ಫುಲ್ಪ್‌ಮೆಸ್‌ಗೆ ಟ್ರಾಮೋ, ಬಸ್ಸೋ?

ಕಳೆದ ಅಕ್ಟೋಬರ್‌ನಲ್ಲಿ ತಂಗಿಯ ಮನೆಗೆಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಗಿದ್ದೆವು. ಸ್ಟೂಬಾಯ್ ಕಣಿವೆಯ ಫುಲ್ಪ್‌ಮೆಸ್ ಊರಿಗೆ ಎರಡು ಸಲ ಹೋದೆ. ಒಮ್ಮೆ ಒಬ್ಬನೇ ಬಸ್ಸಿನಲ್ಲಿ, ಇನ್ನೊಮ್ಮೆ ಅಮ್ಮನ ಜೊತೆ ಟ್ರಾಮ್‌ನಲ್ಲಿ.

ಸಮಯ ಮುಖ್ಯ ಅಂದರೆ ಬಸ್ಸೇ ಸರಿ. ಅರ್ಧ ಗಂಟೆ, ಸ್ವಲ್ಪ ಆಚೀಚೆ. ಟ್ರಾಮ್‌ಗೆ ಸುಮಾರು ಒಂದು ಗಂಟೆ ಬೇಕು. ಆದರೆ ಆ ಬಸ್ಸು ಮುಂದೆ ಹಿಮನದಿಯ ತಪ್ಪಲಿನವರೆಗೂ ಹೋಗುತ್ತದೆ. ಶನಿವಾರ ಬೆಳಿಗ್ಗೆ ಸ್ಕೀ ಹಿಡಿದವರೇ ತುಂಬಿದ್ದರು. ನಾನು ನಿಂತೇ ಹೋದೆ, ಕಿಟಕಿಯಾಚೆ ಏನೂ ಕಾಣಲಿಲ್ಲ. ಮಂಡಿನೋವಿನ ಅಮ್ಮನನ್ನು ಇದರಲ್ಲಿ ಕರೆತರುವುದು ಬೇಡ ಅನ್ನಿಸಿತು.

ಕೆಂಪು ಟ್ರಾಮ್‌ಗೆ ಮೆಟ್ಟಿಲಿನ ಕಾಟವಿಲ್ಲ. ರೈಲು ನಿಲ್ದಾಣದ ಎದುರೇ ಹತ್ತಿದೆವು. ಪೇಟೆ ಬೀದಿಯಲ್ಲಿ ಬೇರೆ ಟ್ರಾಮ್‌ಗಳ ಹಿಂದೆ ನಿಧಾನ ಸಾಗಿ, ಬೆರ್ಗಿಸೆಲ್ ಗುಡ್ಡದ ಬುಡ ದಾಟಿದ ಮೇಲೆ ಅದೇ ಗಾಡಿ ಬೆಟ್ಟದ ರೈಲಾಗುತ್ತದೆ. 1904ರಲ್ಲಿ ಶುರುವಾದ 18 ಕಿಲೋಮೀಟರ್ ದಾರಿ. ಹಳಿ ಅಗಲ ಒಂದು ಮೀಟರ್, ನಮ್ಮ ತಾಳಗುಪ್ಪ ರೈಲ್‌ಬಸ್ ಓಡುತ್ತಿದ್ದ ಅಳತೆಯೇ! ಪೇಟೆಯ ಟ್ರಾಮ್ ಹಳಿಯೂ ಅಷ್ಟೇ ಅಗಲ, ಆದರೆ ಮೊದಲು ಕರೆಂಟ್ ಬೇರೆ ಇತ್ತು. ಬೆಟ್ಟದ್ದು ಎಸಿ, ಪೇಟೆಯದ್ದು ಡಿಸಿ. ಹಾಗಾಗಿ ಜನ ಊರಂಚಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. 1983ರಲ್ಲಿ ಬೆಟ್ಟದ ದಾರಿಯನ್ನೂ ಡಿಸಿಗೆ ತಂದರು. ಅಮ್ಮನ ಮಂಡಿಗೆ ಅದು ದೊಡ್ಡ ಉಪಕಾರ, ಅಲ್ವಾ?

ಮುಟ್ಟರ್ಸ್ ಕಡೆಗೆ ಏರುವಾಗ ಇನ್ಸ್‌ಬ್ರುಕ್ ಕೆಳಗೆ ಸಣ್ಣದಾಗುತ್ತಾ ಹೋಯಿತು. ಆಮೇಲೆ ಕಾಡು, ಮತ್ತೆ ಕಾಡು. ಟೆಲ್ಫರ್ ವೀಸೆನ್ ಹತ್ತಿರ ಹುಲ್ಲುಗಾವಲಿನ ನಡುವೆ ಲಾರ್ಚ್ ಮರಗಳು ಅರಿಶಿನ ಬಳಿದಂತೆ ನಿಂತಿದ್ದವು. ಅಲ್ಲೇ ಇಳಿಯೋಣ ಅಂತ ಸುಮ್ನೆ ಬಾಗಿಲ ಬಳಿ ನಿಂತೆ. ಗಾಡಿ ನಿಲ್ಲಲೇ ಇಲ್ಲ! ಗುಂಡಿ ಒತ್ತಿದರೆ ಮಾತ್ರ ನಿಲ್ಲುವ ಸ್ಟಾಪ್ ಅದು. ನನ್ನದೇ ತಪ್ಪು. "ಹೋಗ್ಲಿ ಬಿಡೋ, ಕೂತೇ ನೋಡಿದ್ನಲ್ಲ" ಅಂದರು ಅಮ್ಮ.

ವಾಪಸ್ ಬರುವಾಗ ಸಂಜೆ ಕತ್ತಲು, ಹೊರಗೆ ಕಾಣುವುದೇನೂ ಇಲ್ಲ ಅಂತ ಬಸ್ ಹಿಡಿಯೋಣ ಅಂದೆ. ಅಮ್ಮ ಒಪ್ಪಲಿಲ್ಲ. ಮತ್ತೆ ಟ್ರಾಮ್‌ನಲ್ಲೇ ಬಂದೆವು. ಹತ್ತಿದ ಹತ್ತು ನಿಮಿಷಕ್ಕೇ ನಿದ್ದೆ ಹೋದರು.