ಕಾರ್ಡ್ ಸಮೇತನಾ, ಲೂಸಾ, ಹೊಸ ರೆಟ್ರೋನಾ? ಮೂರೂ ತಗೊಂಡು ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಲೂಸ್ ಪೀಸ್ ಕಡೆಯವನು. ಯಾವ್ದೋ ಮಗು ಪ್ಯಾಕ್ ಹರಿದು, ವರ್ಷಗಟ್ಲೆ ಆಡಿ, ಬಣ್ಣ ಸವೆಸಿ ಬಿಟ್ಟಿರೋ ಹಳೇ ಕೆನ್ನರ್ (ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆ ಮಾಡ್ತಿದ್ದ ಕಂಪನಿ) ಫಿಗರ್ ಅಂದ್ರೆ ನಂಗೆ ಪ್ರಾಣ. ಆದ್ರೂ ಆಸೆಗೆ ಬಿದ್ದು ಒಂದ್ಸಲ ಕಾರ್ಡ್ ಸಮೇತ, ಅಂದ್ರೆ ರಟ್ಟಿನ ಪ್ಯಾಕ್ ಬಿಚ್ಚದೇ ಇರೋದನ್ನ ತಗೊಂಡೆ, ಅದು ಕೈಕೊಟ್ಟ ಬೇಜಾರಿಗೆ ಹ್ಯಾಸ್ಬ್ರೋ ಕಂಪನಿಯವರು ಹಳೇ ಥರಾನೇ ಮಾಡಿರೋ ಹೊಸ ರೆಟ್ರೋ ಕಲೆಕ್ಷನ್ನೂ ತಗೊಂಡೆ. ಮೂರರಲ್ಲೂ ಒಂದೇ ಕ್ಯಾರೆಕ್ಟರ್, ಸ್ಟಾರ್ ವಾರ್ಸ್‌ನ ಬಿಳಿ ಕವಚದ ಸೈನಿಕ, ಸ್ಟಾರ್ಮ್‌ಟ್ರೂಪರ್. ಹಾಗಾಗಿ ಪಕ್ಕಪಕ್ಕ ನಿಲ್ಲಿಸಿ ನೋಡೋಕೆ ಅನುಕೂಲ ಆಯ್ತು.

ಕಾರ್ಡ್‌ದು ಮೊದ್ಲು ಮುಗಿಸಿಬಿಡ್ತೀನಿ. 1977ರ ಕ್ರಿಸ್ಮಸ್ ಹೊತ್ತಿಗೆ ಕೆನ್ನರ್ ಹತ್ರ ಗೊಂಬೆನೇ ರೆಡಿ ಇರ್ಲಿಲ್ಲ, ಖಾಲಿ ರಟ್ಟಿನ ಕವರ್‌ನಲ್ಲಿ ಒಂದು ಸರ್ಟಿಫಿಕೇಟ್ ಇಟ್ಟು ಮಾರಿದ್ರು, ಗೊಂಬೆ ಆಮೇಲೆ 1978ರಲ್ಲಿ ಪೋಸ್ಟಲ್ಲಿ ಬಂತು. ಆ ವರ್ಷ ಅಂಗಡಿಗೆ ಬಂದ ಮೊದಲ 12 ಫಿಗರ್‌ಗಳ ಕಾರ್ಡ್ ಹಿಂದೆ ಹನ್ನೆರಡರದ್ದೂ ಫೋಟೋ ಇರುತ್ತೆ, ಅದಕ್ಕೇ ಅದನ್ನ ‘ಟ್ವೆಲ್ವ್ ಬ್ಯಾಕ್’ ಅನ್ನೋದು. ಅದು ನನ್ನ ಬಜೆಟ್‌ಗೆ ಕನಸು ಬಿಡಿ, ನಾನು ತಗೊಂಡಿದ್ದು ಅದಾದ್ಮೇಲೆ ಬಂದ ಕಾರ್ಡು, ಅದಕ್ಕೂ ಲೂಸ್ ಪೀಸಿನ ಎಷ್ಟೋ ಪಟ್ಟು ಕೊಟ್ಟೆ. ಬಂದಾಗ ಬಬಲ್ (ಗೊಂಬೆ ಮೇಲೆ ಕಾರ್ಡಿಗೆ ಅಂಟಿಸಿರೋ ಪಾರದರ್ಶಕ ಪ್ಲಾಸ್ಟಿಕ್) ಹಳದಿ ತಿರುಗಿ, ಒಳಗಿದ್ದ ಬಿಳಿ ಟ್ರೂಪರ್ ಅರಿಶಿನ ಮೆತ್ತಿದ ಹಾಗೆ ಕಾಣ್ತಿದ್ದ. ಎರಡನೇ ವಾರ ಬೀರುವಿಂದ ತೆಗೆಯೋವಾಗ ಟಪ್ ಅಂತ ಒಂದು ಮೂಲೆ ಬಿಟ್ಕೊಳ್ತು, ಅಷ್ಟು ವರ್ಷದ ಗೋಂದು ಪಾಪ ಇನ್ನೆಷ್ಟು ದಿನ ಹಿಡ್ಕೊಂಡಿರುತ್ತೆ. ಅಂಟಿಸೋ ಹಾಗಿಲ್ಲ, ಅಂಟಿಸಿದ್ರೆ ನಾಳೆ ಮಾರೋವಾಗ ‘ರೀಸೀಲ್’ ಅಂತ ಮೋಸದ ಲೆಕ್ಕಕ್ಕೆ ಬರುತ್ತೆ. ಮುಟ್ಟೋ ಹಾಗಿಲ್ಲ, ಬೆಳಕಲ್ಲಿ ಇಡೋ ಹಾಗಿಲ್ಲ, ಮನೆಗೆ ಬಂದವರಿಗೆ ತೋರಿಸೋಕೂ ಭಯ. ಬಬಲ್ ಬಿಟ್ಟಿದೆ ಅಂತ ಬಾಯಿಬಿಟ್ಟು ಹೇಳಿ, ನಷ್ಟಕ್ಕೇ ಮಾರ್ಬಿಟ್ಟೆ.

ರೆಟ್ರೋ: 2019ರಲ್ಲಿ ಬಂದಿದ್ದು, ಅದೇ ಹಳೇ ಶೈಲಿ, ಕಾರ್ಡ್ ಮೇಲೆ ಕೆನ್ನರ್ ಹೆಸರೂ ಇದೆ. ಹೊಚ್ಚಹೊಸ ಬಿಳುಪು. ಮಕ್ಕಳ ಕೈಗೆ ಕೊಡೋಕೆ ಬೆಸ್ಟ್. ಕಪಾಟಲ್ಲಿ ಹಳೇದರ ಪಕ್ಕ ನಿಲ್ಲಿಸಿದ್ರೆ ಮಾತ್ರ ಮದುವೆ ಮನೇಲಿ ಯಾರಿಗೂ ಪರಿಚಯ ಇಲ್ಲದವನ ಥರ ಕಾಣ್ತಾನೆ, ಅಷ್ಟೇ.

ಇನ್ನು ಲೂಸ್. ಕೈಲಿ ಹಿಡ್ಕೊಂಡ್ರೆ ಮೂರೂಮುಕ್ಕಾಲು ಇಂಚು, ತಲೆ ತಿರುಗಲ್ಲ (1978ರ ಟ್ರೂಪರ್‌ಗೆ ತಲೆ ಮೈಗೇ ಸೇರ್ಕೊಂಡಿದೆ, ಕೆಟ್ಟೋಗಿದೆ ಅನ್ಕೋಬೇಡಿ), ಕಾಲಿನ ಹಿಂದೆ ಉಗುರಲ್ಲಿ ಸವರಿದ್ರೆ ಸಿಗೋ ‘ಜಿ.ಎಂ.ಎಫ್.ಜಿ.ಐ. 1977’ ಅನ್ನೋ ಅಚ್ಚು (ಕೆನ್ನರ್‌ನ ಆಗಿನ ಮಾಲೀಕ ಕಂಪನಿ ಹೆಸರಿನ ಮೊದಲಕ್ಷರಗಳು). ಎಡಗಾಲು ಸ್ವಲ್ಪ ಹಳದಿ. ಪೆರಾಕ್ಸೈಡಲ್ಲಿ ನೆನೆಸಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡೋರಿದ್ದಾರೆ, ನಾನು ಮಾಡಲ್ಲ, ಆ ಹಳದಿ ಮತ್ತೆ ಬರುತ್ತೆ.

ತಲೆನೋವು ಬೇರೆ ಇದೆ. ಗನ್ನು.

ಇವುಗಳ ಜೊತೆ ಬರ್ತಿದ್ದ ಪುಟಾಣಿ ಕಪ್ಪು ಬ್ಲಾಸ್ಟರ್ ಮೊದಲ ದಿನವೇ ಸೋಫಾ ಸಂದಿಗೋ ವ್ಯಾಕ್ಯೂಮ್ ಕ್ಲೀನರ್ ಹೊಟ್ಟೆಗೋ ಹೋಗಿರುತ್ತೆ, ಅದಕ್ಕೇ ಗೊಂಬೆ ಸಿಗುತ್ತೆ ಗನ್ ಸಿಗಲ್ಲ, ಸಿಗಲ್ಲ ಅಂತಲೇ ಡೂಪ್ಲಿಕೇಟ್ ಮಾಡೋರು ಹುಟ್ಕೊಂಡಿದ್ದಾರೆ. ನನ್ನ ಮೊದಲ ಟ್ರೂಪರ್ ‘ಕಂಪ್ಲೀಟ್, ಒರಿಜಿನಲ್’ ಅಂತಲೇ ಬಂದಿದ್ದ. ತಿಂಗಳುಗಟ್ಲೆ ಖುಷಿಯಾಗೇ ಇದ್ದೆ, ಆಮೇಲೆ ಒಂದಿನ ಲೈಟ್ ಕೆಳಗೆ ನೋಡಿದ್ರೆ ಗನ್ ಎಣ್ಣೆ ಹಚ್ಚಿದ ಹಾಗೆ ಮಿಂಚ್ತಿದೆ, ಅಂಚುಗಳು ಸೋಪು ಕರಗಿದ ಹಾಗೆ ಮೊಂಡು. ಬಟ್ಟಲಲ್ಲಿ ನೀರು ತಂದು ಬಿಟ್ಟೆ. ತಳಕ್ಕೆ ಹೋಗಿ ಕೂತ್ಕೊಳ್ತು.

ಹಳೇ ಗನ್ನುಗಳು ಬಹುಪಾಲು ತೇಲುತ್ವೆ, ರೆಪ್ರೊಗಳು (ಈಚೆಗೆ ಮಾಡಿದ ನಕಲುಗಳು) ಬಹುಪಾಲು ಮುಳುಗುತ್ವೆ, ಪರೀಕ್ಷೆ ಇಷ್ಟೇ. ಆದ್ರೆ ಸುಮ್ನೆ ನೀರಿನ ಮೇಲಿಟ್ಟು ಕೂಗಾಡಬೇಡಿ, ನೀರಿನ ಪೊರೆ ಮೇಲೆ ಯಾವ್ದು ಬೇಕಾದ್ರೂ ನಿಲ್ಲುತ್ತೆ. ಬೆರಳಲ್ಲಿ ಪೂರ್ತಿ ಒಳಗೆ ಅದುಮಿ, ಅಂಟಿರೋ ಗುಳ್ಳೆ ಒರೆಸಿ, ಆಮೇಲೆ ಬಿಡಬೇಕು. ಅಷ್ಟು ಮಾಡಿದ್ರೂ ಗ್ಯಾರಂಟಿ ಇಲ್ಲ, ತೇಲೋ ನಕಲಿಗಳೂ ಇವೆ, ಮುಳುಗೋ ಅಸಲಿಗಳೂ ಇವೆ, ಅದಕ್ಕೇ ಅಚ್ಚಿನ ಗೆರೆ ಎಷ್ಟು ಚೂಪಾಗಿದೆ ಅಂತ ಲೆನ್ಸ್ ಹಿಡಿದು ನೋಡೋದನ್ನೂ ಕಲಿತೆ. ಸೆಲ್ಲರ್‌ಗೆ ಬರೆದೆ, ‘ನಂಗೆ ಬಂದಿದ್ದೇ ಹಾಗೆ’ ಅಂದ್ರು. ಇರಬಹುದು. ರೆಪ್ರೊ ಮಾಡೋದೇ ತಪ್ಪು ಅಂತ ನಾನು ಹೇಳಲ್ಲ, ಬರಿಗೈ ಗೊಂಬೆಗೆ ಏನೋ ಒಂದು ಬೇಕು. ಅದನ್ನ ಹೇಳದೆ ದುಡ್ಡು ಕಿತ್ಕೊಳ್ಳೋದೇ ಕೋಪ ಬರ್ಸೋದು.

ಅಲ್ಲಿಂದ ಒಂದು ರೂಢಿ ಮಾಡ್ಕೊಂಡೆ. ‘ಕಂಪ್ಲೀಟ್’ ಅಂತ ಹಾಕಿರೋದನ್ನ ನೋಡೋದೇ ಇಲ್ಲ, ಗನ್ ಇಲ್ಲದ ಫಿಗರನ್ನೇ ಕಮ್ಮಿಗೆ ತಗೋತೀನಿ, ಗನ್ ಬೇರೆಯಾಗಿ, ಹಳೇ ಆಟದ ಡಬ್ಬಿ ಇದ್ದ ಹಾಗೇ ಮಾರೋರ ಹತ್ರ. ಅಂಥ ಲಾಟಲ್ಲಿ ಮುರಿದ ಕಾರಿನ ಚಕ್ರ, ಯಾವ್ದೋ ಬಟನ್ನು, ಇದರ ಮಧ್ಯೆ ಒಂದು ಬ್ಲಾಸ್ಟರ್ ಸಿಕ್ಕಿತ್ತು, ಹಿಡಿಯಲ್ಲಿ ಹಲ್ಲಿನ ಗುರುತು. ತೇಲ್ತು!

ಅದೇ ಸಿನಿಮಾದ ಮುಸುಕು ಹಾಕಿರೋ ಕುಳ್ಳ, ಜಾವಾ ಬೇಕು ಅನ್ನೋರಿಗೆ ಒಂದೇ ಮಾತು: ಬಟ್ಟೆ ಅಂಗಿದು ತಗೊಳ್ಳಿ, ಮೊದಮೊದಲು ಬಂದ ವಿನೈಲ್ (ಪ್ಲಾಸ್ಟಿಕ್) ಕೇಪಿನದಕ್ಕೆ ನಕಲಿ ಜಾಸ್ತಿ.

ಗೊಂಬೆ ಮುಟ್ಟದೆ ಇರೋಕಾಗುತ್ತೆ, ಕತ್ತಲೆ ಕಪಾಟು ಇದೆ, ದುಡ್ಡೂ ಇದೆ ಅಂದ್ರೆ ನೀವು ಕಾರ್ಡ್‌ದೇ ತಗೊಳ್ಳಿ. ನಂದು ಮೇಜಿನ ಮೇಲಿದೆ, ಫೋನಲ್ಲಿ ಮಾತಾಡ್ತಾ ಕೈ ಎತ್ತಿ ಇಳಿಸ್ತಾ ಇರ್ತೀನಿ. ಈಗ ನಾಲ್ಕು ಟ್ರೂಪರ್, ಎರಡು ಗನ್ನು. ಮುಂದೆ ಬೇಕಿರೋದು ಸಿನಿಮಾದ ಹೀರೋ ಲ್ಯೂಕ್, ಕೈಯೊಳಗಿಂದ ಜಾರಿ ಬರೋ ಹಳದಿ ಕತ್ತಿ ಇರೋನು. ತುದಿ ಮುರಿದಿದ್ರೂ ಪರ್ವಾಗಿಲ್ಲ.