ವ್ಯೂ: ಕಲಿಯಲು ಸಲೀಸು, ಆದರೂ ರಿಯಾಕ್ಟ್‌ನ ಹಿಂದೆ

ಇವಾನ್ ಯೂ 2014ರಲ್ಲಿ ಬಿಡುಗಡೆ ಮಾಡಿದ ವ್ಯೂ, ನಾನು ಬಳಸಿರುವ ವೆಬ್ ಫ್ರೇಮ್‌ವರ್ಕ್‌ಗಳಲ್ಲೇ (ಜಾಲತಾಣ ಕಟ್ಟಲು ನೆರವಾಗುವ ಸಿದ್ಧ ಕೋಡ್ ಚೌಕಟ್ಟುಗಳಲ್ಲೇ) ಕಲಿಯಲು ಅತ್ಯಂತ ಸಲೀಸಾದದ್ದು. ಎಚ್‌ಟಿಎಂಎಲ್ ಮತ್ತು ಒಂದಿಷ್ಟು ಜಾವಾಸ್ಕ್ರಿಪ್ಟ್ ಬಲ್ಲವರು ಹಳೆಯ ಪುಟಕ್ಕೆ ಒಂದು ಸ್ಕ್ರಿಪ್ಟ್ ಟ್ಯಾಗ್ ಸೇರಿಸಿ ಕೆಲಸ ಆರಂಭಿಸಬಹುದು. ಮುಂದೆ ಯೋಜನೆ ಬೆಳೆದಾಗ ಟೆಂಪ್ಲೇಟ್ (ಪುಟದ ರಚನೆ), ಸ್ಕ್ರಿಪ್ಟ್ (ಅದು ಕೆಲಸ ಮಾಡುವ ಬಗೆ), ಸ್ಟೈಲ್ (ಅದರ ಅಂದಚೆಂದ) ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳುವುದರಿಂದ, ಒಂದು ಬಟನ್ನಿನ ಬಣ್ಣ ಬದಲಿಸಲು ಹತ್ತು ಫೋಲ್ಡರ್‌ಗಳನ್ನು ತಡಕಾಡಬೇಕಾಗುವುದಿಲ್ಲ.

ಹಾಗಿದ್ದರೂ ಹೆಚ್ಚು ಜನ ಬಳಸುವುದು ಇದೇ ಕೆಲಸದ ಇನ್ನೊಂದು ಸಾಧನವಾದ ರಿಯಾಕ್ಟನ್ನೇ. ಇದಕ್ಕೆ ಗುಣಮಟ್ಟಕ್ಕಿಂತ ಆಸರೆಯೇ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. 2013ರಲ್ಲಿ ರಿಯಾಕ್ಟನ್ನು ಮುಕ್ತ ತಂತ್ರಾಂಶವಾಗಿ ಹೊರತಂದ ಫೇಸ್‌ಬುಕ್ ತನ್ನ ಸ್ವಂತ ತಾಣವನ್ನೇ ಅದರ ಮೇಲೆ ನಡೆಸುತ್ತಿದ್ದುದರಿಂದ, ನಾಳೆ ಇದು ನಿಂತುಹೋದೀತೆಂಬ ಭಯ ದೊಡ್ಡ ಕಂಪನಿಗಳಿಗೆ ಇರಲಿಲ್ಲ. ಕಂಪನಿಗಳು ಆರಿಸಿಕೊಂಡದ್ದನ್ನು ಉದ್ಯೋಗಾಕಾಂಕ್ಷಿಗಳು ಕಲಿತರು, ಕಲಿತವರು ಅದಕ್ಕೆ ಲೈಬ್ರರಿಗಳನ್ನು (ಇತರರೂ ಬಳಸಬಹುದಾದ ಸಿದ್ಧ ಕೋಡ್) ಬರೆದರು. 2015ರಲ್ಲಿ ಬಂದ ರಿಯಾಕ್ಟ್ ನೇಟಿವ್ ಅದೇ ಕೌಶಲವನ್ನು ಮೊಬೈಲಿಗೂ ಒಯ್ದಿತು. ಗೂಗಲ್‌ನ ಹೆಸರಿದ್ದ ಆಂಗ್ಯುಲರ್ ಎಂಬ ಫ್ರೇಮ್‌ವರ್ಕ್ ಮಾತ್ರ 2016ರಲ್ಲಿ ಹಳೆಯ ಕೋಡ್‌ಗೆ ಹೊಂದದ ಹೊಸ ರೂಪ ತಾಳಿ, ನಂಬಿದ್ದ ಅನೇಕರನ್ನು ಕಳೆದುಕೊಂಡಿತು. (ಬರೀ ಹೆಸರಿದ್ದರೆ ಸಾಲದು.)

ವ್ಯೂ ಕೂಡ ಈ ಪೆಟ್ಟಿನಿಂದ ಪೂರ್ತಿ ಪಾರಾಗಲಿಲ್ಲ. 2020ರಲ್ಲಿ ಮೂರನೆಯ ಆವೃತ್ತಿ ಬಂದರೂ ಮುಖ್ಯ ಪ್ಲಗಿನ್‌ಗಳು (ಹೆಚ್ಚುವರಿ ಸೌಲಭ್ಯ ಸೇರಿಸುವ ಕೋಡ್‌ಗಳು) ಅದಕ್ಕೆ ಹೊಂದಿಕೊಳ್ಳಲು ಬಹಳ ಸಮಯ ಹಿಡಿಯಿತು. ಇಂದು ಆ ತೊಂದರೆ ಬಹುಮಟ್ಟಿಗೆ ನೀಗಿದೆ. ಆದರೆ ಬದಲಾಗುವ ಮೌಲ್ಯವೊಂದನ್ನು ಓದಲು ಟೆಂಪ್ಲೇಟಿನಲ್ಲಿ ಬೇಡದ ‘.ವ್ಯಾಲ್ಯೂ’ ಎಂಬ ಪದ ಸ್ಕ್ರಿಪ್ಟಿನಲ್ಲಿ ಮಾತ್ರ ಏಕೆ ಬೇಕೆಂದು ಹೊಸಬರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ.